ರಘುಪತಿ ರಾಯರ ಆರ್ಕಿಡ್ ಚಿಕಿತ್ಸೆ

“ಗಲ್ಲಾದಲ್ಲಿ ಕೂತಲ್ಲಿಂದಲೇ ಸಾಂಬಾರಿಗೆ ಇಂಗು ಬಿದ್ದಿಲ್ಲ ಅಂತ ಹೇಳಿದವ ನಾನು! ಒಂದು ಗಿಡದ ಕಾಯಿಲೆ ನನಗೆ ಗೊತ್ತಾಗುವುದಿಲ್ಲವಾ?”

ವಾಶಿಯಲ್ಲಿ ಮೂವತ್ತೆರಡು ವರ್ಷ ಹೋಟೆಲು ನಡೆಸಿ, ಈಗ ನೆರೂಳದ ಫ್ಲ್ಯಾಟಿನಲ್ಲಿ ಆರಾಮಾಗಿದ್ದ ರಘುಪತಿ ರಾಯರು ಸೋಮವಾರ ಬೆಳಿಗ್ಗೆ ಹೀಗೆ ಘೋಷಿಸಿದರು. ಮಗಳು ಅಪೇಕ್ಷಾ ತಂದುಕೊಟ್ಟ ಆರ್ಕಿಡ್ಡಿನ ಒಂದು ಎಲೆ ಹಳದಿಯಾಗಿತ್ತು. ಹೆಂಡತಿ ರಮಾಮಣಿಯ ಎದೆಯ ಗಂಟಿನ ರಿಪೋರ್ಟೂ ಲ್ಯಾಬಿನಿಂದ ಅದೇ ಬೆಳಿಗ್ಗೆ ಬಂದಿತ್ತು. ಲಕೋಟೆ ಒಡೆಯಲು ರಾಯರಿಗೆ ಧೈರ್ಯ ಬರಲಿಲ್ಲ. ಫ್ಯಾನಿನ ಗಾಳಿಗೆ ಹಾರಬಾರದೆಂದು ಅದನ್ನು ಆರ್ಕಿಡ್ ಕುಂಡದ ಅಡಿಗೆ ಇಟ್ಟರು. ನಿಜ ಹೇಳಬೇಕೆಂದರೆ, ಕಣ್ಣಿಗೆ ಬೀಳಬಾರದೆಂದು ಇಟ್ಟರು.

“ರಿಪೋರ್ಟಿನಲ್ಲಿ ಎಂತ ಉಂಟು?” ರಮಾಮಣಿ ಕೇಳಿದರು.

“ನೋಡುವ, ನೋಡುವ. ಮೊದಲು ಇದನ್ನೊಂದು ಸರಿ ಮಾಡ್ತೇನೆ!”

ಗಿಡ ಚೇತರಿಸಿಕೊಂಡರೆ ರಿಪೋರ್ಟೂ ಒಳ್ಳೆಯದೇ ಇರುತ್ತದೆಂದು ರಾಯರು ಒಳಗೊಳಗೇ ದೇವರ ಜೊತೆ ಕರಾರು ಮಾಡಿಕೊಂಡಿದ್ದರು. ಮೊದಲ ತಪಾಸಣೆಯಲ್ಲಿ ತಿಳಿದುಬಂದ ರೋಗ, ಬಾಯಾರಿಕೆ! ಒಂದು ಚೊಂಬು ನೀರು ಹೊಯ್ದರು. ಮಂಗಳವಾರ ಎರಡನೆಯ ಎಲೆಯೂ ಹಳದಿ. ಸಾಲಲಿಲ್ಲವೆಂದು ಎರಡು ಚೊಂಬು! ಅಂದಿನಿಂದ ರಮಾಮಣಿ ರಿಪೋರ್ಟಿನ ಸುದ್ದಿ ಎತ್ತಲಿಲ್ಲ. ರಾಯರಿಗೆ ಅದೇ ದೊಡ್ಡ ಸಮಾಧಾನ.

ಬುಧವಾರ ಮಹಾಶೋಧನೆಯೇ ನಡೆಯಿತು. “ಅಯ್ಯೋ, ಇದರಲ್ಲಿ ಮಣ್ಣೇ ಇಲ್ಲ! ಬರೀ ಮರದ ಚಕ್ಕೆ, ಇದ್ದಿಲು!” ಎಂದು ಕೂಗಿ, ಊರೆಲ್ಲ ಸುತ್ತಿ ಕೆಂಪುಮಣ್ಣು ತಂದು, ಹೊರಗೆ ನೇತಾಡುತ್ತಿದ್ದ ಬೇರುಗಳನ್ನೆಲ್ಲ ಅದರೊಳಗೆ ಒತ್ತಿ ಹೂತರು. ಗುರುವಾರ ಅಕ್ಕಿ ತೊಳೆದ ನೀರು. ಶುಕ್ರವಾರ ಹುಳಿ ಮಜ್ಜಿಗೆ! ಶನಿವಾರ ಕೊನೆಯ ಹೂವೂ ಉದುರಿತು. ರಾಯರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಸೊಸೈಟಿಯ ಮಾಲಿ ವಿಕಾಸ್ ಬಂದು ಗಿಡವನ್ನು ಹಿಡಿದೆತ್ತಿದ. ಕಪ್ಪಗೆ ಕೊಳೆತ ಬೇರು ಗಬ್ಬೆಂದು ನಾರಿತು.

“ಕಾಕಾ, ಪಾಣಿ ಜಾಸ್ತ ಝಾಲಂ!” ನೀರು ಹೆಚ್ಚಾಯಿತೆಂದು ತಲೆ ಅಲ್ಲಾಡಿಸಿ ಗಿಡವನ್ನು ಕಸದ ಬುಟ್ಟಿಗೆ ಹಾಕಿ ಹೋದ.

ರಾಯರು ಕುಂಡ ಸರಿಸಿದರು. ಲಕೋಟೆ ನೆನೆದು ನೀರುದೋಸೆಯಂತಾಗಿತ್ತು. ಎತ್ತಿದರೆ ಹರಿದೇ ಹೋಯಿತು. ಒಳಗೆ ಕಾಗದವೇ ಇಲ್ಲ!

“ಅದು ಸೋಮವಾರದಿಂದಲೇ ನನ್ನ ಹತ್ತಿರ ಉಂಟು,” ಬಾಗಿಲಲ್ಲಿ ನಿಂತ ರಮಾಮಣಿ ಹೇಳಿದರು. “ಒಳ್ಳೆಯ ಸುದ್ದಿ ಅಲ್ಲ. ನೀವು ಮಣ್ಣು ಹುಡುಕಲಿಕ್ಕೆ ಹೋದ ದಿನ ಅಪೇಕ್ಷಾಳನ್ನು ಕರ್ಕೊಂಡು ಡಾಕ್ಟರನ್ನು ಕಂಡು ಬಂದೆ. ಬರುವ ಗುರುವಾರ ಆಪರೇಶನ್.”

“ನನಗೆ ಯಾಕೆ ಹೇಳಲಿಲ್ಲ, ಮಾರಾಯ್ತಿ?”

“ನೀವು ಗಿಡ ಬದುಕಿಸ್ತಾ ಇದ್ರಲ್ಲ.”

ರಾಯರಿಗೆ ನಿಂತಲ್ಲೇ ಅಳು ಬಂತು. “ಹೆದರಿಕೆ ಆಯ್ತು ರಮಾ. ಆಸ್ಪತ್ರೆಯಲ್ಲಿ ನಾನೇ ಇರ್ತೇನೆ. ಎಲ್ಲ ನಾನೇ ನೋಡಿಕೊಳ್ತೇನೆ!”

ರಮಾಮಣಿ ಕಸದ ಬುಟ್ಟಿಯ ಕಡೆ ನೋಡಿದರು. ಆಮೇಲೆ ಸೆರಗಿನಿಂದ ಗಂಡನ ಕೈಯ ಕೆಸರು ಒರೆಸಿದರು.

“ಬನ್ನಿ. ಪಕ್ಕದಲ್ಲಿ ಕೂತರೆ ಸಾಕು. ನೀರು ಕೊಡುವುದನ್ನು ಮಾತ್ರ ನರ್ಸಿಗೆ ಬಿಡಿ.”