ಕಲ್ಲು ಹಾಸಿದ ಅಂಗಳ, ತೆಗೆಯದ ಗೇಟು

"ನಮ್ಮನೆ ಅಂಗಳಕ್ಕೆ ಕಲ್ಲು ಹಾಸೋ ಗಂಡ್ಸು ಈ ಭೂಮಂಡಲದಲ್ಲಿ ಯಾರಾದ್ರೂ ಇದ್ರೆ ಅದು ನಾನೇ!" ಎಂದು ಒಂದು ಶನಿವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ಘೋಷಿಸಿದೆ.

ನನ್ನ ಹೆಂಡತಿ ಅಂಬುಜಾ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, "ಹೋದ್ವರ್ಷ ನಲ್ಲಿ ರಿಪೇರಿ ಮಾಡ್ದಾಗ್ಲೂ ಹಿಂಗೇ ಅಂದಿದ್ರಿ. ಮೂರು ದಿವ್ಸ ಇಡೀ ಬೀದಿಗೆ ನೀರಿರ್ಲಿಲ್ಲ" ಎಂದಳು.

ಇಂಥ ಮಾತುಗಳಿಗೆ ಈ ಬೋರಲಿಂಗಯ್ಯ ಜಗ್ಗುವವನಲ್ಲ! ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಸ್ಟೋರ್ ಕೀಪರ್. ದಿನವೆಲ್ಲ ನಟ್ಟು ಬೋಲ್ಟು ಎಣಿಸಿ ಕೊಡುವವನಿಗೆ ತಾನೂ ಅರ್ಧ ಇಂಜಿನಿಯರ್ ಎಂಬ ಭ್ರಮೆ ಹತ್ತಲು ಅಷ್ಟು ವರ್ಷ ಧಾರಾಳವಾಗಿ ಸಾಕು.

ಕಾರಣ ಮಾತ್ರ ಒಳ್ಳೆಯದೇ ಇತ್ತು. ನನ್ನವ್ವ ಚಿಕ್ಕಲಕ್ಷ್ಮಮ್ಮನಿಗೆ ಎಪ್ಪತ್ತೆಂಟು. ದಿನಾ ಸಂಜೆ ನಾಲ್ಕೂವರೆಗೆ ಕೋಲೂರಿಕೊಂಡು ಅಂಗಳ ದಾಟಿ, ರಸ್ತೆ ದಾಟಿ, ಎದುರುಮನೆಯ ಅಕ್ಬರಿ ಬೇಗಂ ಅವರ ಜಗಲಿಯ ಮೇಲೆ ಕೂರುವುದು ಅವಳ ಮೂವತ್ತು ವರ್ಷದ ವ್ರತ. ಅಲ್ಲಿ ಇಬ್ಬರೂ ಎಲೆ ಅಡಿಕೆಯ ಜೊತೆಗೆ ಬೀದಿಯ ಸೊಸೆಯರನ್ನೆಲ್ಲ ಅಗಿಯುತ್ತಿದ್ದರು. ಈ ಮಳೆಗಾಲದಲ್ಲಿ ಅವ್ವ ಅಂಗಳದ ಕೆಸರಿನಲ್ಲಿ ಜಾರಿದಳು. ಮೂಳೆ ಉಳಿಯಿತು, ಮಂಡಿ ಊದಿತು. ಅವಳಿಗೊಂದು ರಾಜಮಾರ್ಗ ನಿರ್ಮಿಸಲು ನಾನು ಪಣ ತೊಟ್ಟೆ!

ಟೆಂಪೋದಲ್ಲಿ ಒಂದಕ್ಕೊಂದು ಕಚ್ಚಿ ಕೂರುವ ಇಂಟರ್‌ಲಾಕ್ ಕಲ್ಲು ಬಂದಿಳಿದ ಕೂಡಲೇ ನಮ್ಮ ಬೀದಿಯ ಗಾರೆ ಮೇಸ್ತ್ರಿ ಚೆಲುವಯ್ಯ ಹಾಜರಾದ.

"ಅಣ್ಣ, ಮೊದ್ಲು ಅರ್ಧ ಅಡಿ ಮಣ್ಣು ತೆಗೀರಿ. ಆಮ್ಯಾಕೆ ಜಲ್ಲಿ, ಅದ್ರ ಮ್ಯಾಲೆ ಮರಳು, ಅದ್ರ ಮ್ಯಾಲೆ ಕಲ್ಲು. ಸಂದಿಗೆ ಸಿಮೆಂಟ್ ಮಾತ್ರ ಹಾಕ್ಬ್ಯಾಡಿ. ನಾನೊಂದಿನ ಬಂದು ನಿಂತ್ಕಂತೀನಿ."

"ಬ್ಯಾಡ ಕಣಯ್ಯ. ಮೊಬೈಲ್ನಾಗೆ ಏಳು ವಿಡಿಯೋ ನೋಡೀವ್ನಿ!"

"ಏಳೂ ಒಂದೇ ತರ ಹೇಳ್ತವಾ?"

"ಏಳೂ ಬ್ಯಾರೆ ಬ್ಯಾರೆ!" ಎಂದೆ ಹೆಮ್ಮೆಯಿಂದ.

ನನಗೆ ತುಂಬಾ ಹಿಡಿಸಿದ ವಿಡಿಯೋದಲ್ಲಿ ಒಬ್ಬ ವಿದೇಶಿ ದೊರೆ ಕಡಲ ತೀರದ ಬಂಗಲೆಯ ಮುಂದೆ ಮೊಸರನ್ನ ಕಲಸಿದಷ್ಟು ಸಲೀಸಾಗಿ ನೆಲ ಅಗೆಯುತ್ತಿದ್ದ. ನಮ್ಮದೋ ಕನಕಪುರದ ನೆಲ. ಗುದ್ದಲಿ ಎರಡು ಸಲ ಠಣ್ ಎಂದಿತು, ನನ್ನ ಸೊಂಟ ಒಂದೇ ಸಲ ಕಳಕ್ ಎಂದಿತು. ಮಣ್ಣು ತೆಗೆಯುವ ಕಾಂಡವನ್ನು ಅಲ್ಲಿಗೇ ಮಂಗಳ ಹಾಡಿ ಮುಗಿಸಿ, ಇದ್ದ ನೆಲದ ಮೇಲೆಯೇ ಜಲ್ಲಿ ಸುರಿದೆ.

ಆ ವಾರ ಮನೆಯ ಕಡೆಯ ಅರ್ಧ, ಮರುವಾರ ಗೇಟಿನ ಕಡೆಯ ಅರ್ಧ. ಬೀದಿದನ ಬಂದು ತುಳಿಯದಿರಲೆಂದು ಗೇಟು ಮುಚ್ಚಿಕೊಂಡು, ಅದರ ಬುಡದವರೆಗೂ ಒತ್ತಾಗಿ ಕಲ್ಲು ಜೋಡಿಸಿದೆ. ಒಂದು ಕಲ್ಲೂ ಅಲ್ಲಾಡಬಾರದೆಂದು ಸಂದಿಗೆಲ್ಲ ಸಿಮೆಂಟ್ ಹಾಲು ಹೊಯ್ದೆ. ಭಾನುವಾರ ಸಂಜೆ ಅವ್ವ ಅದರ ಮೇಲೆ ನಾಲ್ಕು ಹೆಜ್ಜೆ ನಡೆದು, "ಶಾನೆ ಚೆಂದಾಗೈತೆ ಕಣ್ಮಗ" ಎಂದಾಗ ನನಗೆ ಎದೆಯಲ್ಲಿ ಜಾಗ ಸಾಲದಾಯಿತು.

ಸೋಮವಾರ ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ಹೊರಟು ಗೇಟು ಎಳೆದೆ. ಅಲ್ಲಾಡಲಿಲ್ಲ. ಕಾಲು ಕೊಟ್ಟು ಎಳೆದೆ. ಊಹೂಂ! ನಮ್ಮ ಗೇಟು ತೆರೆಯುವುದು ಒಳಗಡೆಗೆ. ಅದರ ಬುಡಕ್ಕಿಂತ ನಾಲ್ಕು ಬೆರಳು ಮೇಲಕ್ಕೆ ನನ್ನ ರಾಜಮಾರ್ಗ ಎದ್ದು ನಿಂತಿತ್ತು!

ಅಂಬುಜಾ ಸೊಂಟದ ಮೇಲೆ ಕೈಯಿಟ್ಟಳು. "ಇಂಟರ್‌ಲಾಕ್ ಅಂದ್ರೆ ಇದೇನಾ? ಮನೇವ್ರನ್ನೆಲ್ಲಾ ಒಳಗಾಕಿ ಲಾಕ್ ಮಾಡೋದು?"

"ಗೇಟ್ನೇ ಕಳಚಿದ್ರಾಯ್ತು ಬಿಡೇ."

"ಕಳ್ರು ಎತ್ಕೊಂಡು ಹೋಯ್ತಾರೆ ಅಂತ ಗೇಟಿನ ಕೀಲುಗಳ್ಗೆಲ್ಲಾ ವೆಲ್ಡಿಂಗ್ ಮಾಡ್ಸಿದ್ದು ಯಾರು?"

ಅದೂ ನಾನೇ. ಒಳಗೊಂದು ಸ್ಟೂಲು, ಹೊರಗೊಂದು ಸ್ಟೂಲು ಇಟ್ಟು, ಊಟದ ಡಬ್ಬಿ ಕಚ್ಚಿಕೊಂಡು ಕಾಂಪೌಂಡು ಹಾರಿದೆ. ಬೀದಿಯವರು ಚಪ್ಪಾಳೆ ತಟ್ಟಿದರು. ಚೆಲುವಯ್ಯ ನಗಲಿಲ್ಲ. "ಸುತ್ತಿಗೆ ತತ್ತೀನಿ ಅಣ್ಣ, ಒಂದೊತ್ತಿನ ಕೆಲ್ಸ" ಎಂದ. ಅಷ್ಟು ಜನರ ಮುಂದೆ ಹೂಂ ಎನ್ನಲು ನನ್ನ ಮೀಸೆ ಒಪ್ಪಲಿಲ್ಲ. "ಭಾನ್ವಾರ ನಾನೇ ನೋಡ್ಕತೀನಿ" ಎಂದುಬಿಟ್ಟೆ.

ಅಂಬುಜಾ ಸ್ಟೂಲು ಹತ್ತಿ ಇಳಿದು ತರಕಾರಿ ತಂದಳು. ಅವ್ವ ಎಲ್ಲಿಂದ ಹತ್ತಬೇಕು? ನಾಲ್ಕೂವರೆಯಾದರೆ ಗೇಟಿನವರೆಗೆ ಹೋಗಿ, ಕಂಬಿ ಹಿಡಿದು ನಿಂತು ವಾಪಸಾಗುತ್ತಿದ್ದಳು. ಬುಧವಾರ ನನ್ನ ಬಳಿ ಬಂದು ಕೂತಳು.

"ಗೇಟು ಯಾವಾಗ ತೆಗಿತೀಯಪ್ಪ? ಅಕ್ಬರಿ ನಾಳೀಕೆ ಮಗನ ಮನೆಗೆ, ರಾಮನಗರಕ್ಕೆ ಹೋಯ್ತಾ ಅವ್ಳೆ. ಸಾಮಾನು ಎಲ್ಲಾ ಕಟ್ಟವ್ರೆ."

"ಗೇಟಿನ ಸಂದೀಲೇ ಮಾತಾಡವ್ವ, ಭಾನ್ವಾರ ತೆಗ್ದ್‌ಬುಡ್ತೀನಿ" ಎಂದೆ ಮೊಬೈಲಿನಿಂದ ಕಣ್ಣೆತ್ತದೆ. ಎಂಟನೇ ವಿಡಿಯೋ ನೋಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಎದುರುಮನೆ ಮುಂದೆ ಸಾಮಾನು ತುಂಬಿದ ಲಾರಿ ಕಂಡಾಗಲೇ ನನಗೆ ಎಚ್ಚರವಾದದ್ದು. ರಜೆ ಹಾಕಿ, ಉಳಿ ಸುತ್ತಿಗೆ ಹಿಡಿದು ಕೂತೆ. ಒಂದು ಗಂಟೆಯಲ್ಲಿ ಮೂರೇ ಕಲ್ಲು ಎದ್ದವು. ಜೀವನದಲ್ಲಿ ಮೊದಲ ಬಾರಿಗೆ ನಾನು ಮಾಡಿದ ಕೆಲಸ ಗಟ್ಟಿಯಾಗಿ ನಿಂತಿತ್ತು!

ಅಕ್ಬರಿ ಬೇಗಂ ಮಗ ಅಕ್ರಮ್‌ನ ಕೈ ಹಿಡಿದು ಗೇಟಿನ ಬಳಿ ಬಂದರು. "ದೊಡ್ಡಮ್ಮನ್ನ ಕುರ್ಚಿ ಸಮೇತ ಗೋಡೆ ಮೇಲಿಂದ ಇಳಿಸ್ಲಾ?" ಎಂದು ಅಕ್ರಮ್ ಕೇಳಿದ.

"ನಾನೇನ್ ಗ್ಯಾಸ್ ಸಿಲಿಂಡ್ರಾ?" ಎಂದಳು ಅವ್ವ. ಎಲ್ಲರೂ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ.

ಬೇಗಂ ಕಂಬಿಯೊಳಗೆ ಕೈ ತೂರಿಸಿ ಅವ್ವನ ಕೆನ್ನೆ ಸವರಿದರು. "ಲಕ್ಷ್ಮಕ್ಕ, ಮಂಡಿ ಜೋಪಾನ" ಎಂದರು. ಅವ್ವ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಿ ಉಳಿ ಬಡಿಯುತ್ತಲೇ ಇದ್ದೆ. ಲಾರಿ ಹೊರಟ ಸದ್ದು ಕೇಳಿದ ಮೇಲೂ ಬಡಿಯುತ್ತಿದ್ದೆ.

ಶುಕ್ರವಾರವೂ ರಜೆ ಹಾಕಿ ನಾನೇ ಚೆಲುವಯ್ಯನ ಮನೆಗೆ ಹೋಗಿ ಕರೆತಂದೆ. ಅವನು ಮಧ್ಯಾಹ್ನದೊಳಗೆ ಗೇಟಿನ ಕಡೆಯ ಕಲ್ಲೆಲ್ಲ ಎಬ್ಬಿಸಿ, ಮಣ್ಣು ತೆಗೆದು, ತಗ್ಗಿಗೆ ಇಳಿಜಾರಾಗಿ ಕೂರಿಸಿದ. ಗೇಟು ಬೆಣ್ಣೆಯಂತೆ ತೆರೆಯಿತು.

ನಾಲ್ಕೂವರೆಗೆ ಅವ್ವನನ್ನು ಕರೆದೆ. ಅವಳು ಕೋಲೂರಿಕೊಂಡು ನಿಧಾನವಾಗಿ ಗೇಟಿನವರೆಗೆ ನಡೆದು ಬಂದಳು. ಎಲ್ಲೂ ಜಾರಲಿಲ್ಲ, ಎಡವಲಿಲ್ಲ. ನನಗೆ ತಡೆಯಲಾಗಲಿಲ್ಲ. "ಈಗ ದಾರಿ ಹೆಂಗೈತವ್ವ?" ಎಂದು ಕೇಳಿಯೇಬಿಟ್ಟೆ.

ಅವ್ವ ಎದುರುಮನೆಯ ಬೀಗವನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ದಾರಿ ಚೆಂದಾಗೈತೆ ಕಣಪ್ಪ. ಹೋಗಕ್ಕೊಂದು ಮನೆ ತೋರ್ಸು."