ಬಿಟ್ಟರೂ ಬಿಡದ ಚಪ್ಪಲಿ

ನನಗೊಂದು ಚಾಳಿಯಿದೆ. ಏನನ್ನು ಕಂಡರೂ ಮೊದಲು ಅದು ಅಸಲಿಯೋ ನಕಲಿಯೋ ಎಂದು ವಿಚಾರಿಸದೆ ನನಗೆ ಸಮಾಧಾನವಿಲ್ಲ. ಮೈಸೂರಿನಲ್ಲಿ ಹುಟ್ಟಿದವನು ಎಂಬ ಒಂದೇ ಅರ್ಹತೆಯ ಮೇಲೆ, ಅಮೆರಿಕದ ಸಾಂಟಾ ಕ್ಲಾರಾದ ನಮ್ಮವರ ಅಂಗಡಿಗಳಲ್ಲಿ ಮೈಸೂರುಪಾಕನ್ನು ಬೆರಳಿನಲ್ಲಿ ಒತ್ತಿ ನೋಡಿ, "ಇದು ಅಲ್ಲಿಯದರ ಹಾಗಿಲ್ಲ" ಎಂದು ತೀರ್ಪು ಕೊಡುತ್ತೇನೆ. ತೀರ್ಪು ಕೊಟ್ಟಮೇಲೆ ಒಂದು ಡಬ್ಬಿ ಕಟ್ಟಿಸಿಕೊಂಡೇ ಬರುತ್ತೇನೆ, ಆ ಮಾತು ಬೇರೆ. ದೋಸೆ, ಅಗರಬತ್ತಿ, ಇಳಕಲ್ ಸೀರೆ, ಯಾವುದನ್ನೂ ನಾನು ಸುಮ್ಮನೆ ಬಿಟ್ಟವನಲ್ಲ. ಹೆಂಡತಿ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಅದನ್ನು ನಾನು ನನ್ನ ಪರಿಣತಿಗೆ ಸಂದ ಗೌರವವೆಂದೇ ತಿಳಿದಿದ್ದೇನೆ.

ಇನ್ನೊಂದು ವಿಷಯವನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಆಫೀಸಿನಲ್ಲಿ ನನ್ನ ಪ್ರಮೋಷನ್ನು ಮೂರು ವರ್ಷದಿಂದ ಬಾಗಿಲ ತನಕ ಬಂದು ಹಾಗೇ ಹಿಂದಿರುಗುತ್ತಿದೆ. ನನಗಿಂತ ಆಮೇಲೆ ಸೇರಿದವರು, ನಾನೇ ಕೆಲಸ ಕಲಿಸಿದವರು, ಈಗ ನನಗೆ ಮೀಟಿಂಗು ಕರೆಯುತ್ತಾರೆ. ಈ ವಿಷಯ ತಿಳಿದ ನಮ್ಮ ಅತ್ತೆ ಧಾರವಾಡದಲ್ಲಿ ನನ್ನ ಜಾತಕ ತೋರಿಸಿ, "ಸಾಡೇಸಾತಿ ನಡದದರಿ ನಿಮ್ಗ. ಶನಿ ಬಿಡೂತನಕ ಏನೂ ಆಗೂದಿಲ್ಲ" ಎಂದು ಫೋನಿನಲ್ಲೇ ಆದೇಶ ಕೊಟ್ಟಿದ್ದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಎಷ್ಟು ತಿಂಗಳು ಉಳಿದಿದೆ ಎಂದು ಮಾತ್ರ ಕೇಳಿ ತಿಳಿದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಅತ್ತೆಯವರನ್ನು ಅಮೆರಿಕಕ್ಕೆ ಕರೆದುಕೊಂಡು ಬರುವಾಗ ಬ್ಯಾಂಕಾಕಿನಲ್ಲಿ ಎರಡು ದಿನ ಇಳಿದುಕೊಂಡೆವು. ಹೆಂಡತಿ, ಆಫೀಸಿನ ಯಾವುದೋ ತುರ್ತು ಕೆಲಸ ಬಂದು, ಹೋಟೆಲಿನಲ್ಲೇ ಉಳಿದಳು. ಅತ್ತೆಯನ್ನೂ, ಹತ್ತು ವರ್ಷದ ಮಗಳು ಅನಿಕಾಳನ್ನೂ ಕರೆದುಕೊಂಡು ನಾನು ಊರ ಹೊರಗಿನ ಒಂದು ದೊಡ್ಡ ಪಾರ್ಕಿಗೆ ಹೋದೆ. ಇಡೀ ಪಾರ್ಕನ್ನು ಥಾಯ್ಲೆಂಡಿನ ನಕ್ಷೆಯ ಆಕಾರದಲ್ಲೇ ಮಾಡಿದ್ದಾರೆ. ಅದರೊಳಗೆ ಆ ದೇಶದ ಮೂಲೆಮೂಲೆಯ ಗುಡಿಗಳು, ಅರಮನೆಗಳು, ಕಂಬದ ಮೇಲೆ ನಿಂತ ಮರದ ಮನೆಗಳು. ಕೆಲವು ನಿಜವಾಗಿಯೂ ಹಳೆಯವು, ಅವು ಇದ್ದ ಊರಿನಿಂದ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದವು. ಉಳಿದವು ಹಳೆಯದನ್ನು ನೋಡಿ ಹೊಸದಾಗಿ ಕಟ್ಟಿದವು. ಯಾವುದು ಯಾವುದೆಂದು ಪ್ರತಿಯೊಂದರ ಮುಂದೆಯೂ ಬೋರ್ಡು ಹಾಕಿದ್ದಾರೆ. ನನ್ನಂಥವನಿಗೆ ಇದಕ್ಕಿಂತ ಹೆಚ್ಚಿನ ಸುಖ ಇನ್ನೆಲ್ಲಿದೆ?

ನಡೆದು ಮುಗಿಯುವ ಜಾಗವಲ್ಲವೆಂದು ಬ್ಯಾಟರಿ ಗಾಡಿಯೊಂದನ್ನು ಬಾಡಿಗೆಗೆ ಹಿಡಿದೆವು. ನಾನು ಡ್ರೈವರು, ಅನಿಕಾ ನಕ್ಷೆ ಹಿಡಿದವಳು, ಅತ್ತೆ ಹಿಂದಿನ ಸೀಟಿನಲ್ಲಿ ಛತ್ರಿ ಬಿಚ್ಚಿ ಕೂತ ಮಹಾರಾಣಿ. ಮೊದಲ ಗುಡಿ ಬಂದಿತು. ಹಾವಿನ ಹೆಡೆಯಂತೆ ಮೇಲಕ್ಕೆ ಎದ್ದ ಸೂರಿನ ತುದಿಗಳು, ಬಿಸಿಲಿಗೆ ಥಳಥಳ ಹೊಳೆಯುವ ಗಾಜಿನ ಚೂರುಗಳ ಗೋಡೆ. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬುದ್ಧನಿಗೆ ಅಡ್ಡಬಿದ್ದು, ಮೂರು ಸುತ್ತು ಬಂದು, ಗಲ್ಲ ಬಡಿದುಕೊಂಡು ಬಂದರು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೂ ಹಾಗೇ. ಪಾರ್ಕಿನಲ್ಲಿ ನೂರಕ್ಕೂ ಮೀರಿ ಕಟ್ಟಡಗಳಿದ್ದವು. ಪ್ರತಿಯೊಂದಕ್ಕೂ ಮೂರು ಸುತ್ತು ಎಂದು ನಾನು ಮನಸ್ಸಿನಲ್ಲೇ ಗುಣಿಸಿ ನೋಡಿ ಬೆವೆತುಹೋದೆ.

"ಅತ್ತೆ, ಇವೆಲ್ಲ ನಕಲು. ಬೋರ್ಡಿನಲ್ಲೇ ಬರೆದಿದ್ದಾರೆ. ನಿಜವಾದ ಗುಡಿಗೆ ಮಾತ್ರ ಚಪ್ಪಲಿ ಬಿಡೋಣ, ಉಳಿದದ್ದನ್ನ ಗಾಡಿಯಿಂದಲೇ ನೋಡಿದರೆ ಸಾಕು" ಎಂದೆ.

ಅತ್ತೆ ಛತ್ರಿಯನ್ನು ಸ್ವಲ್ಪ ಓರೆ ಮಾಡಿ ನನ್ನ ಕಡೆ ನೋಡಿದರು. ಇದು ಅಮೆರಿಕಕ್ಕೆ ಅವರ ಮೂರನೆಯ ಪ್ರಯಾಣ. ನಮ್ಮ ಕಡೆಯ ಎಲ್ಲ ಗುಟ್ಟೂ ಅವರಿಗೆ ಗೊತ್ತು. "ಹಂಗಾರ ನಿಮ್ಮೂರಾಗಿನ ನಮ್ಮ ಗುಡಿ ಏನ್ರಿ ಅದು? ಮೊದಲ ಅಲ್ಲಿ ಪ್ರಿಂಟರ್ ರಿಪೇರಿ ಮಾಡ್ತಿದ್ರು ಅಂತ ನೀವ ಹೇಳಿದ್ರಲ್ಲ. ಅಲ್ಲಿ ಚಪ್ಪಲ್ ಬಿಡೂದಿಲ್ಲೇನು ನೀವು?" ಎಂದರು.

ಬಿಡುತ್ತೇನೆ. ಬಿಡುವುದೇನು, ಆ ಗುಡಿಯ ಕಮಿಟಿಯಲ್ಲೇ ಇದ್ದೇನೆ. ಹಳೆಯ ಗೋದಾಮಿನ ತಗಡಿನ ಬಾಗಿಲ ಮೇಲೆ ಪ್ಲಾಸ್ಟಿಕ್ಕಿನ ಮಾವಿನ ತೋರಣ ಕಟ್ಟಿದವನು ನಾನೇ. ಆಮೇಲೆ ಅತ್ತೆ ಇಳಿದಲ್ಲೆಲ್ಲ ನಾನೂ ಇಳಿದೆ, ಬಿಟ್ಟಲ್ಲೆಲ್ಲ ಬಿಟ್ಟೆ. ನಿಜ ಹೇಳಬೇಕೆಂದರೆ, ಒಳಗೆ ಹೋದಮೇಲೆ ನನಗೂ ಹಿತವಾಗತೊಡಗಿತು. ತಣ್ಣನೆಯ ನೆಲ, ಎಲ್ಲಿಂದಲೋ ಬರುವ ಸಂಪಿಗೆಯ ವಾಸನೆ, ಕೈಮುಗಿದು ಕೂತ ಅತ್ತೆಯ ಪಕ್ಕದಲ್ಲಿ ಅವರಂತೆಯೇ ಕಾಲು ಮಡಿಸಿ ಕೂತ ಮಗಳು. ಅಸಲಿಯೋ ನಕಲಿಯೋ ಎಂದು ಕೇಳುವುದನ್ನೇ ಒಂದು ಗಂಟೆ ಮರೆತುಬಿಟ್ಟಿದ್ದೆ. ಆ ಒಂದು ಗಂಟೆಯಲ್ಲೇ ಅನಾಹುತವಾದದ್ದು.

ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಇಳಿದೆ, ಇಳಿದವನೇ ಕುಣಿದೆ. ನೆಲ ಕಾದ ಕಾವಲಿಯಾಗಿತ್ತು. ಕಾಲಲ್ಲಿ ಚಪ್ಪಲಿಯಿಲ್ಲ, ಗಾಡಿಯಲ್ಲೂ ಇಲ್ಲ. ಅತ್ತೆಯ ನೀರಿನ ಬಾಟಲಿ, ಛತ್ರಿ, ಅನಿಕಾಳ ಟೋಪಿ ಎಲ್ಲವನ್ನೂ ಎರಡು ಕೈಯಲ್ಲಿ ಹಿಡಿದು ಗಾಡಿ ಹತ್ತುವ ಭರಾಟೆಯಲ್ಲಿ ಹಿಂದಿನ ಗುಡಿಯ ನೆರಳಿನ ಮೆಟ್ಟಿಲ ಬಳಿ ಬಿಟ್ಟು ಬಂದಿದ್ದೆ. ಯಾವ ಗುಡಿ? ಈಗ ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಸಾಮಾನ್ಯ ಚಪ್ಪಲಿಯಲ್ಲ ಅದು, ನಾಲ್ಕು ವರ್ಷ ನಡೆದು ನನ್ನ ಪಾದದ ಅಚ್ಚನ್ನೇ ತಳೆದಿದ್ದ ಚಪ್ಪಲಿ. ನಾನು ಅಳುವ ಮುಖ ಮಾಡಿಕೊಂಡು ನಿಂತಿದ್ದರೆ ಅತ್ತೆಯ ಮುಖ ಮಾತ್ರ ಅರಳಿತ್ತು.

"ಭಾಳ ಚೊಲೋ ಆತು ನೋಡ್ರಿ" ಎಂದರು. "ಗುಡಿ ಮುಂದ ಚಪ್ಪಲ್ ಹೋತಂದ್ರ ಶನಿ ಬಿಟ್ಟಂಗ. ಹುಡಕಾಕ ಹೋಗಬ್ಯಾಡ್ರಿ ಮತ್ತ."

ನಾನು ನಂಬುವವನಲ್ಲ ಎಂದು ಆಗಲೇ ಹೇಳಿದ್ದೇನೆ. ಆದರೆ ಆ ಮಾತು ಕೇಳಿದ್ದೇ ತಡ, ಎದೆಯ ಮೇಲಿದ್ದ ಕಲ್ಲು ಇಳಿಸಿದಷ್ಟು ಹಗುರವಾಯಿತು. ಮೂರು ವರ್ಷದ ಮೀಟಿಂಗುಗಳೆಲ್ಲ ನೆನಪಾಗಿ, ಸಂತೋಷ ತಡೆಯಲಾಗಲಿಲ್ಲ. ಅಷ್ಟರಲ್ಲಿ ಹಳೆಯ ಚಾಳಿ ತಲೆಯೆತ್ತಿತು. "ಅತ್ತೆ, ಆ ಗುಡಿ ಅಸಲಿಯೋ ನಕಲಿಯೋ ಗೊತ್ತಿಲ್ಲವಲ್ಲ. ನಕಲಿಯಾಗಿದ್ದರೂ ಬಿಡುತ್ತಾನೆಯೇ?" ಎಂದು ಕೇಳಿಯೇಬಿಟ್ಟೆ.

"ಶನಿಗೇನು ಬೋರ್ಡ್ ಓದಾಕ ಬರ್ತದೇನ್ರಿ?" ಎಂದರು ಅತ್ತೆ.

ಬರಿಗಾಲಿನಲ್ಲೇ ಗಾಡಿ ಓಡಿಸಿದೆ. ಇನ್ನೂ ನಾಲ್ಕು ಗುಡಿ ಸುತ್ತಿದೆವು. ಬೆಂಕಿಯಂಥ ನೆಲದ ಮೇಲೆ ತುದಿಗಾಲಿನಲ್ಲಿ ಓಡುತ್ತ, ಮುಂದಿನ ಮೀಟಿಂಗನ್ನು ಕರೆಯುವವನು ನಾನೇ ಎಂದುಕೊಂಡೆ. ಆಗ ಹಿಂದಿನಿಂದ ಸೈಕಲ್ ಗಂಟೆಯ ಸದ್ದು ಕೇಳಿತು. ಪಾರ್ಕಿನ ಕೆಲಸದವಳೊಬ್ಬಳು, ನಡುವಯಸ್ಸಿನ ಹೆಂಗಸು, ಅಗಲ ಟೋಪಿ ಹಾಕಿಕೊಂಡು, ಆ ಬಿಸಿಲಿನಲ್ಲಿ ಏದುಸಿರು ಬಿಡುತ್ತ ತುಳಿದುಕೊಂಡು ಬರುತ್ತಿದ್ದಳು. ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ, ದೇವರಿಗೆ ತಂದ ಹೂವಿನ ಹಾಗೆ, ನನ್ನ ಚಪ್ಪಲಿ.

ಅವಳು ಇಳಿದು, ಎರಡೂ ಕೈಯಲ್ಲಿ ಚಪ್ಪಲಿ ಎತ್ತಿ ಹಿಡಿದು, ಮುಖದ ತುಂಬ ನಕ್ಕಳು. ನಾನು ತಲೆಯಾಡಿಸಿದೆ. "ನಾಟ್ ಮೈನ್" ಎಂದೆ. ಅವಳು ನನ್ನ ಬರಿಗಾಲನ್ನು ನೋಡಿದಳು, ಚಪ್ಪಲಿಯನ್ನು ನೋಡಿದಳು, ಮತ್ತೆ ನಕ್ಕಳು. ನಾನು ಇನ್ನೂ ಜೋರಾಗಿ ತಲೆಯಾಡಿಸಿದೆ.

"ಅಪ್ಪಾ, ದೋಸ್ ಆರ್ ಯುವರ್ಸ್" ಎಂದಳು ಅನಿಕಾ. "ಯಾಕೆ ಲೈ ಮಾಡ್ತಿದೀಯಾ?"

ಮಗಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವನೂ ನಾನೇ. ನಾಚಿಕೆಯಿಂದ ಕೈಮುಗಿದು ಚಪ್ಪಲಿ ತೆಗೆದುಕೊಂಡೆ. ಆ ಹೆಂಗಸು ನನಗಿಂತ ಬಾಗಿ ಕೈಮುಗಿದು ಹೋದಳು. ಅಷ್ಟು ಒಳ್ಳೆಯವಳ ಮೇಲೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಅವಳು ಮರೆಯಾದಮೇಲೆ ಮೆಲ್ಲಗೆ, "ಅತ್ತೆ, ಇಲ್ಲೇ ಈ ಗುಡಿ ಮುಂದೆ ಇನ್ನೊಂದು ಸಲ ಬಿಟ್ಟು ಹೋಗಲೇ?" ಎಂದು ಕೇಳಿದೆ.

ಅಷ್ಟೊಂದು ನಕಲು ಗುಡಿಗೆ ಕೈಮುಗಿದಿದ್ದ ಅತ್ತೆ ಮುಖ ಸಿಂಡರಿಸಿದರು. "ಛೀ, ಬೇಕಂತ ಬಿಟ್ರ ಅದು ಡೂಪ್ಲಿಕೇಟ್ ಆಗ್ತದ್ರಿ. ತಾನಾಗೇ ಹೋಗಬೇಕು."

ಸಾಂಟಾ ಕ್ಲಾರಾಕ್ಕೆ ಬಂದೆವು. ಆಫೀಸಿನಲ್ಲಿ, ಪ್ರಮೋಷನ್ನು ಮುಂದಿನ ವರ್ಷ ನೋಡೋಣ ಎಂದರು. ನಾನು ನಂಬುವವನಲ್ಲ, ಆದರೂ ಶನಿವಾರ ಶನಿವಾರ ನಮ್ಮ ಗೋದಾಮಿನ ಗುಡಿಗೆ ಅದೇ ಚಪ್ಪಲಿ ಹಾಕಿಕೊಂಡು ಹೋಗತೊಡಗಿದೆ. ಬೇಕೆಂದು ಬಿಡುವುದಲ್ಲ, ಸ್ಟ್ಯಾಂಡಿನಲ್ಲಿ ಇಡಲು ಮರೆಯುವುದು, ಅಷ್ಟೇ. ಬಾಗಿಲಿಗೆ ಎದುರಾಗಿ, ಯಾರ ಕಾಲಿಗಾದರೂ ಸಿಗುವ ಹಾಗೆ ಮರೆಯುತ್ತಿದ್ದೆ. ನಮ್ಮ ಸುತ್ತಲಿನ ಇಡೀ ಬೇ ಏರಿಯಾದಲ್ಲಿ ಒಬ್ಬನೇ ಒಬ್ಬ ಚಪ್ಪಲಿ ಕಳ್ಳನಿಲ್ಲವೆಂದು ಆಗ ತಿಳಿಯಿತು. ಏಳು ಶನಿವಾರ ಅವು ಇಟ್ಟಲ್ಲೇ ಇದ್ದವು.

ಎಂಟನೆಯ ಶನಿವಾರ ಮಂಗಳಾರತಿ ಮುಗಿಸಿ ಹೊರಗೆ ಬಂದರೆ ಚಪ್ಪಲಿಯಿಲ್ಲ. ಸ್ಟ್ಯಾಂಡಿನ ಎಲ್ಲ ಸಾಲು ನೋಡಿದೆ, ಇಲ್ಲ. ಅಲ್ಲಿದ್ದ ಕಮಿಟಿಯವರೆಲ್ಲರ ಕೈಕುಲುಕಿ, ಪಾರ್ಕಿಂಗ್ ಲಾಟಿನ ಜಲ್ಲಿಯ ಮೇಲೆ ಬರಿಗಾಲಿನಲ್ಲಿ ಹಾಡು ಗುನುಗುತ್ತ ಕಾರಿನ ಹತ್ತಿರ ಬಂದೆ. ಅತ್ತೆ ಮುಂದಿನ ಸೀಟಿನಲ್ಲಿ ನನ್ನ ಮುಖ ನೋಡದೆ ಕಿಟಕಿಯಾಚೆ ನೋಡುತ್ತಿದ್ದರು. ಹಿಂದಿನ ಸೀಟಿನಿಂದ ಅನಿಕಾ ಒಂದು ಚೀಲ ಮುಂದೆ ಚಾಚಿದಳು.

"ಅಪ್ಪಾ, ಯು ಫರ್ಗಾಟ್ ದೆಮ್ ಇನ್ ದ ಮಿಡ್ಲ್ ಅಗೇನ್" ಎಂದಳು. "ಡೋಂಟ್ ವರಿ, ಇನ್ಮೇಲೆ ಎವ್ರಿ ವೀಕ್ ನಾನೇ ಎತ್ತಿಡ್ತೀನಿ."