ತೋಪಿನ ಬಾಜೂಕ ನಿಂತವ

ಕಲಬುರಗಿ ಕೋಟೆಯ ತೋಪಿನ, ಅಂದರೆ ದೊಡ್ಡ ಫಿರಂಗಿಯ, ಚಿತ್ರವನ್ನು ಪೋಸ್ಟ್ ಕಾರ್ಡಿನ ಮೇಲೆ ಅಚ್ಚು ಹಾಕಿದವರು ತಪ್ಪು ಮಾಡಿದ್ದಾರೆ. ಕೆಳಗೆ ಕೋಟೆಯ ಹೆಸರು ಹಾಕಿದರು, ತೋಪು ಎಂದು ಬರೆದರು. ತೋಪಿನ ಪಕ್ಕ ನಿಂತ ಮನುಷ್ಯನ ಹೆಸರು ಬರೆಯಲಿಲ್ಲ. ತೋಪು ಎಷ್ಟು ದೊಡ್ಡದೆಂದು ದೂರದೇಶದವರಿಗೆ ತಿಳಿಯಲಿ ಅಂತ ಒಬ್ಬ ಬಡವನನ್ನು ಬಿಸಿಲಿಗೆ ನಿಲ್ಲಿಸಿ ಅಳತೆಗೋಲು ಮಾಡಿಕೊಂಡರು. ಅಳತೆಗೋಲಿನ ಹೆಸರು ಯಾರು ಕೇಳುತ್ತಾರೆ?

ನಾನು ಕೇಳಿದೆ. ಶಾಲೆ ಅರ್ಧಕ್ಕೆ ಬಿಟ್ಟವನು ನಾನು. ಇತಿಹಾಸ ಕಲಿತದ್ದು ರದ್ದಿ ಅಂಗಡಿಯಲ್ಲಿ ಸಿಗುವ ಇಂಥ ಹಳೆಯ ಚಿತ್ರದ ಕಾರ್ಡುಗಳಿಂದ. ಈ ಕಾರ್ಡು ಸಿಕ್ಕಾಗಿನಿಂದ ಅವನ ಹೆಸರು ಹುಡುಕುತ್ತ ತಿರುಗಿದೆ. ಅಂದಿನಿಂದ ಏನಾದರೊಂದು ಪ್ರಸಂಗ ನಡೆಯುತ್ತಲೇ ಇದೆ. ನೀವು ನಗಬಹುದು. ನನಗೆ ಮೊದಲು ಸಿಟ್ಟು ಬರುತ್ತದೆ, ನಗು ಆಮೇಲೆ.

ಸ್ವಚ್ಛ ಚಿತ್ರ

ಮುಖ ಸರಿಯಾಗಿ ಕಾಣಲಿ ಎಂದು ಕಾರ್ಡನ್ನು ಫೋಟೋ ಸ್ಟುಡಿಯೋಕ್ಕೆ ಕೊಟ್ಟು, ದೊಡ್ಡದು ಮಾಡಲು ಹೇಳಿದೆ. ಮರುದಿನ ಹೋದರೆ ಬಾಗಿಲಿನಷ್ಟು ದೊಡ್ಡ ಚಿತ್ರ ತಯಾರಾಗಿತ್ತು. ತೋಪಿನ ಮೇಲಿನ ತುಕ್ಕಿನ ಕಲೆ ಕೂಡ ಕಾಣುತ್ತಿತ್ತು. ಮನುಷ್ಯ ಇರಲಿಲ್ಲ.

"ಅಂವ ಎಲ್ಲಿ ಹೋದ?" ಎಂದೆ.

"ಯಾವನೋ ಅಡ್ಡ ನಿಂತಿದ್ದ್ರೀ. ಕಂಪ್ಯೂಟರ್‌ನ್ಯಾಗ ಅಳಸಿಬಿಟ್ಟೀನಿ. ಈಗ ನೋಡ್ರಿ, ತೋಪು ಹ್ಯಾಂಗ ಸ್ವಚ್ಛ ಕಾಣಾಕತ್ತದ!"

ನಾನು ಕಿರುಚಿದೆ. ಅವನು ಗಾಬರಿಯಾಗಿ ಎರಡೂ ಕೈ ಎತ್ತಿ ಸಮಾಧಾನ ಹೇಳಿದ: "ಸಿಟ್ಟಾಗಬ್ಯಾಡ್ರಿ ಸರ್. ಮನಿಷ್ಯಾನ್ನ ತೆಗದದ್ದಕ್ಕ ಚಾರ್ಜ್ ಏನೂ ಹಚ್ಚಿಲ್ಲ."

ಮನೆತನದ ಮೂಗು

ಎರಡನೇ ಸಲ ಮನುಷ್ಯನ ಸಮೇತ ಚಿತ್ರ ಬಂತು. ಕಾರ್ಡಿನ ಫೋಟೋ ತೆಗೆದು ಎಲ್ಲರ ಮೊಬೈಲಿಗೂ ಕಳಿಸಿ, ಯಾರಾದರೂ ಗುರುತಿಸಿ ಎಂದು ಕೇಳಿದೆ. ಕಮಲಾಪುರದ ದೊಡ್ಡ ಮನೆಯೊಂದರಿಂದ ಫೋನ್ ಬಂತು. ಅವನು ತಮ್ಮ ಮನೆತನದ ಹಿರಿಯನಂತೆ, ತೋಪು ಅವನ ವಶದಲ್ಲೇ ಇತ್ತಂತೆ.

ಹೋದೆ. ಸೋಫಾದಲ್ಲಿ ಕೂಡಿಸಿ, ಊರಿನ ಕೆಂಪು ಬಾಳೆಹಣ್ಣು ತಾಟಿನ ತುಂಬ ತಂದಿಟ್ಟರು. ಯಜಮಾನರು ಮೊಬೈಲಿನಲ್ಲಿ ಮುಖ ತೋರಿಸಿದರು. "ಮೂಗು ನೋಡ್ರಿ ಹ್ಯಾಂಗ ಸೊಟ್ಟ ಅದ! ಇದು ನಮ್ಮ ಮನಿತನದ ಮೂಗು. ಕೈಯಾಗ ಖಡ್ಗ ನೋಡ್ರಿ!"

ಸುರುಳಿ ಸುತ್ತಿ ಒಯ್ದಿದ್ದ ದೊಡ್ಡ ಚಿತ್ರವನ್ನು ನಾನು ಬಿಚ್ಚಿದೆ. "ಅದು ಕಸಬರಿಗಿ ಅದರೀ. ಅಂವ ಕೋಟ್ಯಾಗ ಕಸ ಹೊಡೀತಿದ್ದ."

ಯಜಮಾನರು ಕನ್ನಡಕ ಹಾಕಿದರು, ತೆಗೆದರು. "ಮೂಗು ಸ್ವಲ್ಪ ಬ್ಯಾರೆನೇ ಅದ ಅಲ್ರೀ?" ಎಂದರು.

ಒಳಗಿನಿಂದ ಒಬ್ಬರು ಬಂದು ತಾಟು ಎತ್ತಿಕೊಂಡು ಹೋದರು. ಅರ್ಧ ಸುಲಿದ ಹಣ್ಣು ನನ್ನ ಕೈಯಲ್ಲೇ ಉಳಿದಿತ್ತು. ಅದನ್ನಷ್ಟೇ ವಾಪಸ್ ಕೇಳಲಿಲ್ಲ.

ನೊಣ

ಮರಳುವಾಗ ಟೆಂಪೋದಲ್ಲಿ ಡ್ರೈವರನ ಮುಂದೆ ಇದನ್ನೇ ಹೇಳಿಕೊಂಡು ಕೂಗಾಡುತ್ತಿದ್ದೆ. ಪಕ್ಕದಲ್ಲಿ ಮಹಾಗಾಂವಕ್ಕೆ ಹೊರಟಿದ್ದ ಮುದುಕಿಯೊಬ್ಬಳು ಕೂತಿದ್ದಳು.

"ತಮ್ಮಾ, ನನ್ನ ತವರುಮನಿ ಕೋಟಿ ಬಾಜೂಕ. ನಮ್ಮ ಮುತ್ಯಾ, ಅಪ್ಪನ ಅಪ್ಪ, ಅಲ್ಲೇ ಕಸ ಹೊಡೀತಿದ್ದ. ಯಾವನೋ ಸಾಹೇಬ ತೋಪಿನ ಹತ್ರ ನಿಂದರಿಸಿ, ಅಲಗಾಡಬ್ಯಾಡ ಅಂದಿದ್ನಂತ. ಮೂಗಿನ ಮ್ಯಾಲ ನೊಣ ಕುಂತರೂ ಹೊಡಕೊಳ್ಳಾಕ ಬಿಡಲಿಲ್ಲಂತ. ಸಾಯೂತನಕ ಆ ನೊಣಕ್ಕ ಬೈದ."

ಅಲ್ಲೇ ಚಿತ್ರ ಬಿಚ್ಚಿದೆ. ನೊಣ ಕಾಣಲಿಲ್ಲ. ಅದನ್ನು ಓಡಿಸಲು ಸೊಟ್ಟ ಮಾಡಿದ ಮೂಗು ಕಾಣುತ್ತಿತ್ತು.

ಅಜ್ಜಿಯ ವಯಸ್ಸಿನ ಆ ಆಯಿ ಚಿತ್ರದ ಮೇಲೆ ಬಾಗಿದಳು. ಅವಳ ಮನೆಯಲ್ಲಿ ಮುತ್ಯಾನದೊಂದು ಫೋಟೋ ಕೂಡ ಇರಲಿಲ್ಲವಂತೆ. ಆಮೇಲೆ ಸೆರಗಿನಿಂದ ಅವನ ಮುಖದ ಮೇಲಿನ ಧೂಳು ಒರೆಸಿದಳು. "ಸಾಯಬಣ್ಣ ಅಂತ ಅವನ ಹೆಸರು. ನಾ ಇರೂದ್ರಾಗ ಆ ಹೆಸರು ಅಚ್ಚಾಗಲಿ ತಮ್ಮಾ. ಮತ್ತ, ಕಮಲಾಪುರದವರಿಗಿ ಹೇಳು: ನಮ್ಮ ಮುತ್ಯಾನ ಮೂಗು ನೆಟ್ಟಗಿತ್ತು."

ಮತ್ತಿತರರು

ಕಲಬುರಗಿಯಲ್ಲಿ ನನ್ನ ಕಾರ್ಡುಗಳ ಪ್ರದರ್ಶನ ಇಟ್ಟೆ. ನಡುವೆ ಆ ದೊಡ್ಡ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಸಾಯಬಣ್ಣ". ಆಯಿ ಮೊಮ್ಮಗಳ ಜೊತೆ ಹೊಸ ಇಳಕಲ್ಲ ಸೀರೆ ಉಟ್ಟು ಬಂದಳು. ಉದ್ಘಾಟನೆಗೆ ಬಂದ ಗಣ್ಯರು ಚಿತ್ರದ ಮುಂದೆ ನಿಂತರು. ಪತ್ರಿಕೆಯ ಫೋಟೋಗ್ರಾಫರ್ ಆಯಿಯನ್ನು ಕರೆದ.

"ಆಯಿ, ನೀ ಈ ಕಡಿ ತುದಿಗಿ ನಿಂದರು. ಚಿತ್ರ ಎಷ್ಟು ದೊಡ್ಡದು ಅಂತ ಗೊತ್ತಾಗತದ. ಅಲಗಾಡಬ್ಯಾಡ!"

ನಾನು ಬಾಯಿ ತೆರೆಯುವುದರೊಳಗೆ ಫೋಟೋ ತೆಗೆದು ಮುಗಿಸಿದ್ದ.

ಮರುದಿನ ಪತ್ರಿಕೆ ಹಿಡಿದುಕೊಂಡು ಮಹಾಗಾಂವಕ್ಕೆ ಹೋದೆ. ಫೋಟೋದಲ್ಲಿ ಸಾಯಬಣ್ಣನ ಹೆಸರು ಗಣ್ಯರ ಹೊಟ್ಟೆಯ ಹಿಂದೆ ಮುಚ್ಚಿಹೋಗಿತ್ತು. ಅಡಿಬರಹವನ್ನು ಮೊಮ್ಮಗಳು ಓದಿದಳು. ಗಣ್ಯರ ಹೆಸರು ಇತ್ತು, ಅಧ್ಯಕ್ಷರದು ಇತ್ತು, ಹಾರ ಹಾಕಿದವರದೂ ಇತ್ತು. ಕೊನೆಗೆ "ಮತ್ತಿತರರು ಇದ್ದರು".

"ಮುತ್ಯಾನ ಹೆಸರು?" ಆಯಿ ಕೇಳಿದಳು.

"ಇಲ್ಲ ಆಯಿ."

"ನಂದು?"

ಮೊಮ್ಮಗಳು ತಲೆ ತಗ್ಗಿಸಿದಳು. "ನೀ ಮತ್ತಿತರರು ಆಯಿ."

ಆಯಿ ಅಚ್ಚಾದ ಆ ಪದದ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

"ಇರಲಿ ಬಿಡು ತಮ್ಮಾ. ಮುತ್ಯಾಗ ಮತ್ತಿತರರು ಅಂತನೂ ಯಾರೂ ಬರೆದಿದ್ದಿಲ್ಲ. ನಾವು ಸುಧಾರಣಿ ಆಗೇವಿ!"

ನಾನೂ ನಕ್ಕೆ. ಆಮೇಲೆ ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಆಯಿ ಕೇಳಿದಂತೆ ಹೆಸರು ಇಲ್ಲಿ ಅಚ್ಚಾಗಿದೆ: ಸಾಯಬಣ್ಣ. ಇನ್ನು ನಿಮ್ಮ ಸರದಿ. ಎದ್ದು, ಗೋಡೆಯ ಮೇಲಿನ ಹಳೆಯ ಫೋಟೋ ಇಳಿಸಿ. ನಡುವೆ ಕುರ್ಚಿಯಲ್ಲಿ ಕೂತವರು ಯಾರೆಂದು ನಿಮಗೆ ಗೊತ್ತು. ತುದಿಯಲ್ಲಿ ನಿಂತವರು ಯಾರು? ಗೊತ್ತಿದ್ದವರು ಬದುಕಿರುವಾಗಲೇ ಹೋಗಿ ಕೇಳಿ. ಹಿಂಬದಿಗೆ ಆ ಹೆಸರು ಬರೆಯಿರಿ. ನಾಳೆ ಅನ್ನಬೇಡಿ, ಇವತ್ತೇ ಬರೆಯಿರಿ.